ಗೇಣಿ ಲೆಕ್ಕದಲ್ಲಿ ಉಳಿದವರು

1922ರ ಜೂನ್ 30ರಂದು ಡಬ್ಲಿನ್‌ನಲ್ಲಿ ಕಾಗದದ ಮಳೆಯಾಯಿತು. ಲಿಫಿ ನದಿಯ ದಂಡೆಯಲ್ಲಿರುವ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯದ ಕಟ್ಟಡಗಳನ್ನು ಏಪ್ರಿಲ್ ತಿಂಗಳಿಂದಲೂ ಬಂಡುಕೋರರು ಹಿಡಿದು ಕೂತಿದ್ದರು. ಬ್ರಿಟನ್ ಜೊತೆ ಐರ್ಲೆಂಡ್ ಮಾಡಿಕೊಂಡ ಒಪ್ಪಂದ ಅವರಿಗೆ ಸಮ್ಮತವಿರಲಿಲ್ಲ. ನಿನ್ನೆ ಮೊನ್ನೆಯವರೆಗೆ ಅವರ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿ ಈಗ ಸರ್ಕಾರವಾಗಿದ್ದವರೇ ಜೂನ್ 28ರಂದು ಅವರತ್ತ ಫಿರಂಗಿ ಹೂಡಿದರು. ಮೂರನೆಯ ದಿನ ಅದೇ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರ ಸಿಡಿಯಿತು. ಒಳಗಿದ್ದ ಸಿಡಿಮದ್ದನ್ನು ಬೇಕೆಂದೇ ಹೊತ್ತಿಸಿದರೋ, ಬೆಂಕಿ ಹಬ್ಬಿ ಅದೇ ಹೊತ್ತಿಕೊಂಡಿತೋ ಎಂಬ ಜಗಳ ನೂರು ವರ್ಷ ಕಳೆದರೂ ಮುಗಿದಿಲ್ಲ. ಹದಿಮೂರನೆಯ ಶತಮಾನದಿಂದ ಕೂಡಿಟ್ಟ ಚರ್ಮದ ಸುರುಳಿ, ಉಯಿಲು, ಜನಗಣತಿಯ ಹಾಳೆ ಎಲ್ಲವೂ ಹೊಗೆಯ ಜೊತೆ ಮೇಲೆದ್ದವು. ಅರೆಸುಟ್ಟ ಚೂರುಗಳು ಊರಿನ ಮಾಡು, ಅಂಗಳಗಳ ಮೇಲೆಲ್ಲ ಉದುರಿದವು. ಕೆಲವನ್ನು ಗಾಳಿ ಸಮುದ್ರದಂಚಿನ ಹೌತ್‌ವರೆಗೂ ಒಯ್ದಿತು.

ಭಂಡಾರದ ಅಧಿಕಾರಿ ಹರ್ಬರ್ಟ್ ವುಡ್ ಮೂರು ವರ್ಷದ ಹಿಂದೆ, 1919ರಲ್ಲಿ, ಅಲ್ಲಿ ಏನೇನಿದೆ ಎಂದು ತಿಳಿಸುವ ಕೈಪಿಡಿಯೊಂದನ್ನು ಅಚ್ಚು ಹಾಕಿಸಿದ್ದರು. ಹುಡುಕುವವರಿಗೆ ದಾರಿ ತೋರಲೆಂದು ಬರೆದ ಪುಸ್ತಕ, ಕಳೆದುಹೋದದ್ದರ ಪಟ್ಟಿಯಾಗಿಬಿಟ್ಟಿತು. ಸ್ಫೋಟದ ನೂರನೆಯ ವರ್ಷಕ್ಕೆ, 2022ರಲ್ಲಿ, ಟ್ರಿನಿಟಿ ಕಾಲೇಜಿನ ನೇತೃತ್ವದಲ್ಲಿ ಆ ಭಂಡಾರವನ್ನು ಕಂಪ್ಯೂಟರಿನೊಳಗೆ ಮತ್ತೆ ಕಟ್ಟಿದಾಗ ಕೈಗೆ ಬಂದ ನಕ್ಷೆಯೂ ಅದೇ ಕೈಪಿಡಿ. ಬೇರೆಡೆ ಉಳಿದಿದ್ದ ಪ್ರತಿಗಳನ್ನು ಹುಡುಕಿ ತಂದು, ವುಡ್ ಹೇಳಿದ್ದ ಕಪಾಟುಗಳಲ್ಲೇ ಇಡುವ ಕೆಲಸ ಅದು.

ಐರ್ಲೆಂಡಿನಲ್ಲಿ ತಮ್ಮ ಬೇರು ಹುಡುಕಲು ಬೋಸ್ಟನ್, ಟೊರಾಂಟೊ, ಸಿಡ್ನಿಗಳಿಂದ ಬರುವವರು ಮೊದಲು ಕೇಳುವ ಮಾತು, ಎಲ್ಲವೂ 1922ರಲ್ಲಿ ಸುಟ್ಟುಹೋಯಿತು ಎಂಬುದು. ಇದು ಅರ್ಧ ನಿಜ. ಬೆಂಕಿಗೆ ಹೋದದ್ದು 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು. ಅವುಗಳ ಕೆಲವು ಚೂರುಪಾರು ಮಾತ್ರ ಉಳಿದಿವೆ. 1861 ಮತ್ತು 1871ರ ಹಾಳೆಗಳನ್ನು ಲೆಕ್ಕ ತೆಗೆದ ಮೇಲೆ ಸರ್ಕಾರವೇ ನಾಶ ಮಾಡಿಸಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಹೊತ್ತಿಗೆ ಕಾಗದದ ತಿರುಳಾಗಿದ್ದವು. ಬಂಡುಕೋರರ ಬೆಂಕಿಯ ನೆನಪು ಎಲ್ಲರಿಗೂ ಇದೆ, ಗುಮಾಸ್ತರ ಆದೇಶದ ನೆನಪು ಯಾರಿಗೂ ಇಲ್ಲ. ಹೀಗಾಗಿ ಇಡೀ ದೇಶದ ಮನೆಮನೆಯ ಗಣತಿ ಹಾಳೆ ನಮ್ಮ ಕೈಗೆ ಸಿಗುವುದು 1901ರಿಂದ.

ಅದಕ್ಕೂ ಹಿಂದಿನ ಒಬ್ಬ ರೈತನನ್ನು ಹುಡುಕುವುದು ಹೇಗೆ? ಜನರನ್ನು ಎಣಿಸಿದ ಕಾಗದ ಹೋಯಿತು, ಜನರಿಂದ ವಸೂಲಿ ಮಾಡಲು ಬರೆದ ಕಾಗದ ಉಳಿಯಿತು. ಅಜ್ಜ ಯಾರು ಎಂದು ಕೇಳಿದರೆ ಐರ್ಲೆಂಡಿನ ದಫ್ತರಗಳು ಬಾಯಿ ಬಿಡುವುದಿಲ್ಲ. ಅಜ್ಜನಿಂದ ಯಾರಿಗೆ ಎಷ್ಟು ಬರಬೇಕಿತ್ತು ಎಂದು ಕೇಳಬೇಕು.

ಅದಕ್ಕೂ ಮೊದಲು ಊರು ಗೊತ್ತಿರಬೇಕು. ಮೇಯೋ ಜಿಲ್ಲೆ, ಕಾರ್ಕ್ ಜಿಲ್ಲೆ ಎಂದರೆ ಸಾಲದು. ಅಲ್ಲಿ ನೆಲದ ಅತಿ ಚಿಕ್ಕ ಘಟಕಕ್ಕೆ ಟೌನ್‌ಲ್ಯಾಂಡ್ ಎನ್ನುತ್ತಾರೆ. ಹೆಸರಿನಲ್ಲಿ ಟೌನ್ ಇದ್ದರೂ ಬಹುಪಾಲು ಕಡೆ ಪೇಟೆಯ ಸುಳಿವೇ ಇಲ್ಲ; ಕೆಲವು ನೂರು ಎಕರೆ, ನಾಲ್ಕಾರು ಮನೆ, ಒಂದಷ್ಟು ಜೌಗು ಅಷ್ಟೆ. ಇಂಥವು ದೇಶದಲ್ಲಿ 60,000ಕ್ಕೂ ಹೆಚ್ಚಿವೆ. ಬ್ಯಾಲಿ ಎಂದು ಶುರುವಾದರೆ ಅದು ಊರು, ಕಿಲ್ ಎಂದರೆ ಹಳೆಯ ಚರ್ಚು, ನಾಕ್ ಎಂದರೆ ಗುಡ್ಡ, ಡೆರಿ ಎಂದರೆ ಓಕ್ ಮರಗಳ ತೋಪು, ಕ್ಲೂನ್ ಎಂದರೆ ಹುಲ್ಲುಗಾವಲು. ಐರಿಷ್ ಭಾಷೆಯ ಈ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತಕ್ಕೆ ಇಳಿಸಿದ್ದು 1824ರಲ್ಲಿ ಶುರುವಾದ ಆರ್ಡ್‌ನನ್ಸ್ ಸರ್ವೆ. ಥಾಮಸ್ ಕಾಲ್ಬಿ ಎಂಬ ಸೇನಾಧಿಕಾರಿ ಅದರ ಮುಖ್ಯಸ್ಥ. ಊರೂರು ಅಲೆದು ಹೆಸರಿನ ಮೂಲ ಕೇಳಿ ಬರೆದುಕೊಂಡವರಲ್ಲಿ ಜಾನ್ ಓಡೊನೊವನ್ ದೊಡ್ಡ ವಿದ್ವಾಂಸ. ಇದರಲ್ಲಿ ನಮ್ಮದೂ ಒಂದು ಎಳೆ ಇದೆ. 1800ರಲ್ಲಿ ಭಾರತದ ಸರ್ವೆಗಾಗಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಆಧಾರರೇಖೆ ಅಳೆದದ್ದು ಉಕ್ಕಿನ ಸರಪಳಿಯಿಂದ. ಬಿಸಿಲಿಗೆ ಲೋಹ ಹಿಗ್ಗಿದರೆ ಲೆಕ್ಕ ತಪ್ಪುತ್ತದೆ. ಹಿಗ್ಗಿದರೂ ಅಳತೆ ಕೆಡದ ಜೋಡಿ ಪಟ್ಟಿಗಳನ್ನು ಕಾಲ್ಬಿ ಮಾಡಿಸಿದ್ದಾನೆಂದು ತಿಳಿದು, ಲ್ಯಾಂಬ್ಟನ್‌ನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ 1829ರಲ್ಲಿ ಐರ್ಲೆಂಡಿಗೇ ಹೋಗಿ ನೋಡಿ, ಆ ಪಟ್ಟಿಗಳನ್ನು ಭಾರತಕ್ಕೆ ತರಿಸಿದ. ಕಂದಾಯ ಕಟ್ಟುವ ಎರಡು ನಾಡುಗಳಿಗೆ ಒಂದೇ ಅಳತೆಕೋಲು.

ವಲಸೆ ಹೋದವರ ಮೊಮ್ಮಕ್ಕಳಿಗೆ ಟೌನ್‌ಲ್ಯಾಂಡಿನ ಹೆಸರು ಸಿಗುವುದು ಹೆಚ್ಚಾಗಿ ಸಮುದ್ರದ ಆಚೆ ದಡದಲ್ಲಿ. ಬೋಸ್ಟನ್ನಿನ 'ಪೈಲಟ್' ಪತ್ರಿಕೆ 1831ರಿಂದ 1921ರವರೆಗೆ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತು ಹಾಕುತ್ತಿತ್ತು. ಗಂಡನನ್ನು ಹುಡುಕುವ ಹೆಂಡತಿ, ಅಣ್ಣನನ್ನು ಹುಡುಕುವ ತಂಗಿ ಕೊಡುತ್ತಿದ್ದ ವಿವರ ಜಿಲ್ಲೆ, ಪ್ಯಾರಿಷ್, ಹಳ್ಳಿ, ಹಡಗು ಇಳಿದ ವರ್ಷ. ಕಾಸು ಕೊಟ್ಟು ಹಾಕಿಸಿದ ನಾಲ್ಕು ಸಾಲಿನಲ್ಲಿ ಊರಿನ ಹೆಸರನ್ನು ಮಾತ್ರ ಬಿಡುತ್ತಿರಲಿಲ್ಲ. ಬೋಸ್ಟನ್ನಿನಲ್ಲಿ ಅದೇ ಹೆಸರಿನವರು ನೂರು ಜನ ಇದ್ದಾರು, ಆ ಹಳ್ಳಿಯಿಂದ ಬಂದವನು ಒಬ್ಬನೇ.

ಊರು ಸಿಕ್ಕಿತೆನ್ನಿ. ಮೊದಲು ತೆರೆಯಬೇಕಾದ್ದು ದಶಮಾಂಶದ ಪುಸ್ತಕ. 1823ರಿಂದ 1837ರವರೆಗೆ ಬರೆದ ಈ ಕಡತಗಳಲ್ಲಿ ಯಾವ ರೈತ ಎಷ್ಟು ಎಕರೆ ಉಳುತ್ತಾನೆ, ಪ್ರಾಟೆಸ್ಟಂಟ್ ಚರ್ಚಿಗೆ ಎಷ್ಟು ಕಟ್ಟಬೇಕು ಎಂದಿದೆ. ಕಟ್ಟುವವರಲ್ಲಿ ಬಹುಪಾಲು ಕ್ಯಾಥೊಲಿಕರು. ತಾವು ಕಾಲಿಡದ ಚರ್ಚಿನ ಪಾದ್ರಿಗೆ ತಮ್ಮ ಹೊಲದ ಪಾಲು. 1830ರ ದಶಕದಲ್ಲಿ ಇದು ಹೊಡೆದಾಟಕ್ಕೆ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಹುಡುಕುವವರು ಇಲ್ಲಿ ಎಡವುವ ಕಲ್ಲೊಂದಿದೆ. ದಶಮಾಂಶದ ಪುಸ್ತಕದಲ್ಲಿರುವುದು ಹೆಚ್ಚಾಗಿ ಐರಿಷ್ ಎಕರೆ. ಅದು ನಾವು ಬಲ್ಲ ಎಕರೆಯ ಒಂದೂವರೆ ಪಟ್ಟಿಗಿಂತಲೂ ದೊಡ್ಡದು, ಸುಮಾರು 1.62 ಎಕರೆ. ಮುತ್ತಜ್ಜನ 5 ಎಕರೆ ಇಪ್ಪತ್ತು ವರ್ಷದ ಮೇಲೆ 8 ಎಕರೆಯಾಗಿ ಕಂಡರೆ ಮನೆ ಏಳಿಗೆಯಾಯಿತೆಂದು ಹಿಗ್ಗಬೇಕಾಗಿಲ್ಲ. ನೆಲ ಅಷ್ಟೇ ಇತ್ತು, ಎಕರೆ ಕುಗ್ಗಿತ್ತು.

ಅಲ್ಲಿಂದ ಮುಂದಕ್ಕೆ ಗ್ರಿಫಿತ್‌ನ ಮೌಲ್ಯಮಾಪನ. ರಿಚರ್ಡ್ ಗ್ರಿಫಿತ್ ಮೂಲತಃ ಭೂವಿಜ್ಞಾನಿ. ತೆರಿಗೆ ನಿಗದಿ ಮಾಡಲು ಅವನ ಜನ ದೇಶದ ಪ್ರತಿ ಹೊಲ, ಪ್ರತಿ ಗುಡಿಸಲನ್ನೂ ತೂಗಿ ನೋಡಿ, 1847ರಿಂದ 1864ರವರೆಗೆ ಸಂಪುಟಗಳನ್ನು ಅಚ್ಚು ಹಾಕಿದರು. ಒಂದು ಪುಟ ತೆರೆದಿಟ್ಟುಕೊಂಡರೆ ನಮ್ಮ ಪಹಣಿ ಓದಿದವರಿಗೆ ಪರಕೀಯ ಅನ್ನಿಸುವುದಿಲ್ಲ. ಎಡತುದಿಗೆ ನಕ್ಷೆಯ ಸಂಖ್ಯೆ, ಪಕ್ಕದಲ್ಲಿ ಉಳುವವನ ಹೆಸರು, ಅವನ ಬಲಕ್ಕೆ ಅವನಿಗೆ ಗೇಣಿಗೆ ಕೊಟ್ಟವನ ಹೆಸರು, ಆಮೇಲೆ ಮನೆ ಕೊಟ್ಟಿಗೆಗಳ ವಿವರ, ವಿಸ್ತೀರ್ಣ, ಕೊನೆಗೆ ಪೌಂಡು ಶಿಲಿಂಗುಗಳಲ್ಲಿ ಬೆಲೆ. ವಿವರದ ಅಂಕಣದಲ್ಲಿ 'ಮನೆ, ಆಫೀಸು, ಜಮೀನು' ಎಂದು ನೋಡಿ ತಮ್ಮ ಪೂರ್ವಿಕರು ಕಚೇರಿ ಇಟ್ಟುಕೊಂಡಿದ್ದರೆಂದು ಹೆಮ್ಮೆಪಟ್ಟವರು ಎಷ್ಟು ಜನವೋ. ಆ ಆಫೀಸು ಎಂದರೆ ದನದ ಕೊಟ್ಟಿಗೆ, ಹಂದಿಗೂಡು, ಕಣಜ. ಒಂದೇ ಹಳ್ಳಿಯಲ್ಲಿ ನಾಲ್ವರು ಪ್ಯಾಟ್ರಿಕ್ ಮರ್ಫಿಗಳಿದ್ದರೆ ಗುಮಾಸ್ತ ಅಪ್ಪನ ಹೆಸರನ್ನೋ, ಕೂದಲು ಕೆಂಪಗಿದೆ ಎಂಬುದನ್ನೋ ಪಕ್ಕದಲ್ಲಿ ಬರೆದು ಗುರುತಿಟ್ಟ. ಇಡೀ ಸಂಪುಟದಲ್ಲಿ ಮನುಷ್ಯರ ಮುಖ ಕಾಣುವುದು ಈ ಅಡ್ಡಹೆಸರುಗಳಲ್ಲಿ ಮಾತ್ರ. ಹೆಂಡತಿಯ ಹೆಸರಿಲ್ಲ, ಮಕ್ಕಳ ಹೆಸರಿಲ್ಲ. ಅಂಕಣದಲ್ಲಿ ಹೆಂಗಸೊಬ್ಬಳ ಹೆಸರು ಬಂದರೆ ಬಹುಮಟ್ಟಿಗೆ ಅವಳು ವಿಧವೆ.

ಈ ಸಂಪುಟಗಳ ವರ್ಷಗಳನ್ನು ಮತ್ತೊಮ್ಮೆ ನೋಡಿ. 1845ರಲ್ಲಿ ಆಲೂಗಡ್ಡೆಗೆ ಕೊಳೆರೋಗ ತಗುಲಿತು. 1841ರಲ್ಲಿ 81,75,124 ಜನರಿದ್ದ ದೇಶದಲ್ಲಿ 1851ಕ್ಕೆ ಉಳಿದವರು 65,52,385. ಸತ್ತವರು ಹತ್ತು ಲಕ್ಷದ ಆಸುಪಾಸು, ದೇಶ ಬಿಟ್ಟವರು ಅದಕ್ಕಿಂತ ಹೆಚ್ಚು. ಗ್ರಿಫಿತ್‌ನ ಗುಮಾಸ್ತರು ಬಹುಪಾಲು ಹಳ್ಳಿಗಳಿಗೆ ಬಂದದ್ದು ಹಸಿವು ಬಂದುಹೋದ ಮೇಲೆ. ದಶಮಾಂಶದ ಪುಸ್ತಕದಲ್ಲಿ ಹನ್ನೆರಡು ಮನೆಯಿದ್ದ ಊರು ಗ್ರಿಫಿತ್‌ನಲ್ಲಿ ಒಂದೇ ಸಾಲಾಗಿ, ಅದರ ಮುಂದೆ ಒಬ್ಬನೇ ದನಗಾಹಿಯ ಹೆಸರಿದ್ದರೆ ನಡುವೆ ಆದದ್ದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಊರು ಹೀಗೆ ಖಾಲಿಯಾದುದರಲ್ಲಿ ಕಾನೂನಿನ ಕೈಯೂ ಇತ್ತು. ಕಾಲು ಎಕರೆಗಿಂತ, ಅಂದರೆ ನಮ್ಮ ಲೆಕ್ಕದ ಹತ್ತು ಗುಂಟೆಗಿಂತ ಹೆಚ್ಚು ನೆಲ ಹಿಡಿದವನಿಗೆ ಗಂಜಿ ಇಲ್ಲ ಎಂದು 1847ರಲ್ಲಿ ಕಟ್ಟಳೆಯಾಯಿತು. ಹೊಟ್ಟೆಗೆ ಬೇಕೆಂದರೆ ನೆಲ ಬಿಡಬೇಕು. ಇನ್ನೊಂದು ಕಡೆ, ವರ್ಷಕ್ಕೆ 4 ಪೌಂಡಿನೊಳಗಿನ ಬೆಲೆಯ ಹಿಡುವಳಿಗಳ ಮೇಲಿನ, ಬಡವರ ಪೋಷಣೆಗೆಂದಿದ್ದ ತೆರಿಗೆಯನ್ನು ಜಮೀನ್ದಾರನೇ ಕಟ್ಟಬೇಕಿತ್ತು. ಸಣ್ಣ ರೈತ ಅವನ ಪಾಲಿಗೆ ಗೇಣಿ ಕೊಡದ ಬಾಕಿದಾರನಷ್ಟೇ ಅಲ್ಲ, ದಿನವೂ ಖರ್ಚು ತರುವ ಬಾಬತ್ತು.

ರಾಸ್‌ಕಾಮನ್ ಜಿಲ್ಲೆಯ ಸ್ಟ್ರೋಕ್ಸ್‌ಟೌನ್ ಎಸ್ಟೇಟಿನಲ್ಲಿ ಈ ಲೆಕ್ಕವನ್ನು ಕಾಗದದ ಮೇಲೇ ಹಾಕಿದರು. ಗೇಣಿದಾರರನ್ನು ಬಡವರ ಆಶ್ರಯವಾದ ವರ್ಕ್‌ಹೌಸಿನಲ್ಲಿ ಒಂದು ವರ್ಷ ಸಾಕುವುದಕ್ಕಿಂತ ಕೆನಡಾಕ್ಕೆ ಹಡಗು ಹತ್ತಿಸುವುದೇ ಅಗ್ಗ ಎಂದು ಪಾರುಪತ್ಯಗಾರ ಒಡೆಯ ಡೆನಿಸ್ ಮಾಹನ್‌ಗೆ ತೋರಿಸಿಕೊಟ್ಟ. 1847ರ ಮೇ ತಿಂಗಳಲ್ಲಿ 1,490 ಜನ ರಾಯಲ್ ಕಾಲುವೆಯ ದಂಡೆ ಹಿಡಿದು ಡಬ್ಲಿನ್ನಿಗೆ ನಡೆದರು. ಅರ್ಧದಾರಿಯಲ್ಲಿ ಯಾರೂ ಹಿಂದಿರುಗದಂತೆ ನೋಡಿಕೊಳ್ಳಲು ಎಸ್ಟೇಟಿನ ಆಳು ಜೊತೆಗೆ ಹೋದ. ಲಿವರ್‌ಪೂಲಿನಲ್ಲಿ ಅವರು ಹತ್ತಿದ ಹಡಗುಗಳಲ್ಲಿ ಒಂದು ವರ್ಜೀನಿಯಸ್. ಅದರಲ್ಲಿದ್ದ 476 ಪ್ರಯಾಣಿಕರಲ್ಲಿ 158 ಮಂದಿ ದಾರಿಯಲ್ಲೇ ಸತ್ತರು. ಅದೇ ವರ್ಷ ನವೆಂಬರ್ 2ರಂದು ಮಾಹನ್ ತನ್ನ ಸಾರೋಟಿನಲ್ಲಿ ಮನೆಗೆ ಮರಳುವಾಗ ಗುಂಡಿಗೆ ಬಲಿಯಾದ.

ಇಷ್ಟು ವಿವರ ಉಳಿದದ್ದು ಡಬ್ಲಿನ್ನಿನ ಭಂಡಾರದಿಂದಲ್ಲ. 1979ರಲ್ಲಿ ಊರಿನ ಗ್ಯಾರೇಜ್ ಮಾಲೀಕರೊಬ್ಬರು ಲಾರಿ ನಿಲ್ಲಿಸಲು ಜಾಗ ಬೇಕೆಂದು ಎಸ್ಟೇಟನ್ನು ಕೊಂಡರು. ಹಳೆಯ ಕಚೇರಿಯ ಕೋಣೆಯಲ್ಲಿ ಕಾಗದದ ರಾಶಿ ಬಿದ್ದಿತ್ತು. ಕೈಗೆ ಸಿಕ್ಕವುಗಳಲ್ಲಿ ಒಂದು, 1846ರ ಆಗಸ್ಟಿನಲ್ಲಿ ಕ್ಲೂನಹೀ ಎಂಬ ಟೌನ್‌ಲ್ಯಾಂಡಿನ ರೈತರು ಕೊಟ್ಟ ಮನವಿ. ನಮಗೆ ಕೆಲಸ ಕೊಡಿ, ಮಕ್ಕಳು ಕಣ್ಣೆದುರೇ ಹಸಿದಿದ್ದಾರೆ, ಕದಿಯುವುದು ನಮ್ಮ ಜಾಯಮಾನವಲ್ಲ, ಆದರೆ ಎಷ್ಟು ದಿನ ತಾಳಿಕೊಳ್ಳುತ್ತೇವೋ ಗೊತ್ತಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ರೈತನ ಬಗ್ಗೆ ಬೇರೆಯವರು ಬರೆದ ಸಾವಿರಾರು ಹಾಳೆಗಳ ನಡುವೆ ರೈತರೇ ಮಾತಾಡಿದ ಒಂದು ಹಾಳೆ. ಎಸ್ಟೇಟನ್ನು ಕೊಂಡವರು ಆ ಕಾಗದಗಳನ್ನು ರದ್ದಿಗೆ ಹಾಕಲಿಲ್ಲ. 1994ರಲ್ಲಿ ಅಲ್ಲೇ ಬರಗಾಲದ ಮ್ಯೂಸಿಯಂ ತೆರೆಯಿತು.

ಮೇಯೋ ಜಿಲ್ಲೆಯ ಸ್ಟ್ರೇಡ್ ಹಳ್ಳಿಯಿಂದ 1850ರಲ್ಲಿ ಒಕ್ಕಲೆಬ್ಬಿಸಿದ ಒಂದು ಕುಟುಂಬವನ್ನು ಗ್ರಿಫಿತ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಜಿಲ್ಲೆಯ ಸಂಪುಟಗಳು ಬರುವ ಹೊತ್ತಿಗೆ ಅವರು ಲ್ಯಾಂಕಾಷೈರಿನಲ್ಲಿದ್ದರು. ವರ್ಕ್‌ಹೌಸಿನಲ್ಲಿ ಗಂಡುಮಗುವನ್ನು ತಾಯಿಯಿಂದ ಬೇರೆ ಇಡುತ್ತಾರೆಂದು ತಿಳಿದ ತಾಯಿ ಅಲ್ಲಿ ನಿಲ್ಲಲು ಒಪ್ಪಲಿಲ್ಲ. ಆ ಹುಡುಗ ಹನ್ನೊಂದನೆಯ ವಯಸ್ಸಿಗೆ ಹತ್ತಿಗಿರಣಿಯ ಯಂತ್ರಕ್ಕೆ ಬಲಗೈ ಕಳೆದುಕೊಂಡ. ಹೆಸರು ಮೈಕೆಲ್ ಡೇವಿಟ್. 1879ರಲ್ಲಿ ಗೇಣಿದಾರರ ಹಕ್ಕಿಗಾಗಿ ಲ್ಯಾಂಡ್ ಲೀಗ್ ಕಟ್ಟಿದವನು. ಮರುವರ್ಷ ಸ್ಟ್ರೇಡಿನಲ್ಲಿ ಸಭೆ ಸೇರಿದಾಗ ಅವನ ಮನೆಯಿದ್ದ ಜಾಗದಲ್ಲೇ ವೇದಿಕೆ ಹಾಕಿದ್ದರು.

ಮನೆಯ ಪೆಟ್ಟಿಗೆಯಲ್ಲಿ ಉಳಿದ ಕಾಗದಗಳ ಕಥೆ ಬೇರೆ. ಗೇಣಿ ರಶೀದಿಯನ್ನು ಯಾರೂ ಎಸೆಯುತ್ತಿರಲಿಲ್ಲ. ನಾಳೆ ಬಾಕಿ ಇದೆ ಎಂದರೆ ತೋರಿಸಲು ಬೇಕಲ್ಲ. ಸ್ವಲ್ಪ ಅನುಕೂಲವಿದ್ದವರ ಬಳಿ ಮೂರು ಜೀವದ ಗೇಣಿಪತ್ರ ಇರುತ್ತಿತ್ತು. ಪತ್ರದಲ್ಲಿ ಮೂವರ ಹೆಸರು ಬರೆಯಬೇಕು. ಅವರಲ್ಲಿ ಕೊನೆಯವನು ಸಾಯುವತನಕ ಜಮೀನು ನಿಮ್ಮದು. ಜಾಣ ರೈತ ತನ್ನ ಚಿಕ್ಕ ಮಕ್ಕಳ ಹೆಸರು ಬರೆಸುತ್ತಿದ್ದ. ಚೆನ್ನಾಗಿ ಉಂಡು ಬೆಳೆಯುವ ರಾಜಕುಮಾರನ ಹೆಸರು ಬರೆಸಿದವರೂ ಉಂಟು. ಜ್ಞಾನಸ್ನಾನದ ದಾಖಲೆ ಇಲ್ಲದ ಮಗುವೊಂದು, ಇಂಥವನ ಮಗ, ಇಷ್ಟು ವಯಸ್ಸು ಎಂದು ಗೇಣಿಪತ್ರದಲ್ಲಿ ಬದುಕಿದೆ. ಅಂಥ ಪತ್ರಗಳು ಡಬ್ಲಿನ್ನಿನ ರಿಜಿಸ್ಟ್ರಿ ಆಫ್ ಡೀಡ್ಸ್‌ನಲ್ಲಿ 1708ರಿಂದ ನೋಂದಾಯಿತವಾಗಿವೆ. ಬೇರೆ ಕಟ್ಟಡದಲ್ಲಿದ್ದುದರಿಂದ ಬೆಂಕಿ ಅವನ್ನು ಮುಟ್ಟಲಿಲ್ಲ.

ಇನ್ನು ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳು. ಅವನ್ನು ಪಾದ್ರಿಗಳು ಸರ್ಕಾರಕ್ಕೆ ಒಪ್ಪಿಸಿರಲಿಲ್ಲ, ಹಾಗಾಗಿ ಉಳಿದವು. 1,086 ಪ್ಯಾರಿಷ್‌ಗಳ ಪುಟಗಳನ್ನು ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಇಟ್ಟಿತು. ಹೆಸರಿನ ಗೋಜಲು ಇಲ್ಲಿ ಶುರು. ಮನೆಯಲ್ಲಿ ಟೈಗ್ ಎಂದು ಕರೆಯುವ ಹುಡುಗ, ಪಾದ್ರಿಯ ಲ್ಯಾಟಿನ್ನಿನಲ್ಲಿ ಥಡ್ಡೇಯಸ್, ಸರ್ಕಾರದ ಇಂಗ್ಲಿಷಿನಲ್ಲಿ ಟಿಮೊಥಿ. ಮೂವರು ಅಣ್ಣತಮ್ಮಂದಿರೆಂದು ತಿಳಿದು ವಂಶವೃಕ್ಷಕ್ಕೆ ಮೂರು ಕೊಂಬೆ ಬರೆದವರಿದ್ದಾರೆ. ಇದನ್ನು ಬಿಡಿಸಲು ನೆರವಾಗುವುದು ನಾಮಕರಣದ ಕ್ರಮ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನದು. ಅಜ್ಜನ ಹೆಸರು ಹೊತ್ತು ತಿರುಗುವ ಮೊಮ್ಮಕ್ಕಳಿರುವ ನಮ್ಮ ಕಡೆಯವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಕೊಡುವುದಕ್ಕಾಗಿ ಬರೆದ ಪಟ್ಟಿಗಳು ತೀರಾ ಇಲ್ಲವೆಂದಲ್ಲ. 1796ರಲ್ಲಿ ಅಗಸೆ ನಾರು ಬೆಳೆದವರಿಗೆ ಸರ್ಕಾರ ನೂಲುವ ಚರಕ ಹಂಚಿದಾಗ ಬರೆದ ಪಟ್ಟಿಯಲ್ಲಿ 60,000ದ ಹತ್ತಿರ ಹೆಸರುಗಳಿವೆ. ಆದರೆ ನಿಜವಾಗಿ ಕೊಡುವ ಪಟ್ಟಿ ಬಂದದ್ದು 1909ರ ಜನವರಿ 1ಕ್ಕೆ. ಎಪ್ಪತ್ತು ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್ ವೃದ್ಧಾಪ್ಯ ವೇತನ. ವಯಸ್ಸಿಗೆ ಪುರಾವೆ? ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. ಹಳ್ಳಿಗೆ ಬಂದ ಅಧಿಕಾರಿಗಳು ಕೇಳಿದ ಪ್ರಶ್ನೆ, ದೊಡ್ಡ ಗಾಳಿಯ ರಾತ್ರಿ ನೆನಪಿದೆಯೇ ಎಂಬುದು. 1839ರ ಜನವರಿ 6ರ ರಾತ್ರಿ ಬಿರುಗಾಳಿ ಬಡಿದು ದೇಶದ ಹುಲ್ಲಿನ ಮಾಡುಗಳನ್ನೆಲ್ಲ ಹಾರಿಸಿತ್ತು. ಆ ರಾತ್ರಿ ಬದುಕಿದ್ದವರಿಗೆ ಎಪ್ಪತ್ತಾಗಿರಲೇಬೇಕು. ಹಳ್ಳಿಹಳ್ಳಿಯ ಮುದುಕರಿಗೆ ಒಮ್ಮೆಲೇ ಬಿರುಗಾಳಿಯ ನೆನಪು ಬಂತು. ಆಗ ತೊಟ್ಟಿಲಲ್ಲಿದ್ದವರಿಗೂ ಬಂತು, ಇನ್ನೂ ಹುಟ್ಟದವರಿಗೂ ಬಂತು! 1901 ಮತ್ತು 1911ರ ಗಣತಿಗಳನ್ನು ಅಕ್ಕಪಕ್ಕ ಇಟ್ಟರೆ ಹತ್ತು ವರ್ಷದಲ್ಲಿ ಹದಿನೈದು ವರ್ಷ ಮುಪ್ಪಾದ ರೈತರು ಬೇಕಾದಷ್ಟು ಸಿಗುತ್ತಾರೆ. ಮೂರು ತಲೆಮಾರು ಸರ್ಕಾರ ತಮ್ಮಿಂದ ಬರೆದುಕೊಂಡದ್ದಕ್ಕೆ ಅವರು ಒಮ್ಮೆ ತಾವಾಗಿ ಬರೆಸಿದರು; ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೀಗೆ ಬಾಯಿಮಾತನ್ನು ನಂಬದಾದಾಗ ಡಬ್ಲಿನ್ನಿಗೆ ಅರ್ಜಿ ಹೋಗುತ್ತಿತ್ತು. ಮುದುಕ ಅಪ್ಪ ಅಮ್ಮನ ಹೆಸರು, ಟೌನ್‌ಲ್ಯಾಂಡು ಬರೆಸಿದರೆ, ಗುಮಾಸ್ತ 1841 ಅಥವಾ 1851ರ ಗಣತಿಯ ಕಟ್ಟು ಬಿಚ್ಚಿ ಹುಡುಕಿ, ಸಿಕ್ಕ ಮನೆಯವರ ಹೆಸರು ವಯಸ್ಸುಗಳನ್ನು ಅರ್ಜಿಯ ಮೇಲೆ ನಕಲು ಮಾಡುತ್ತಿದ್ದ. ಗಣತಿ ಸುಟ್ಟಿತು. ಅರ್ಜಿಗಳು ಉಳಿದವು. ಹೋದ ಹಾಳೆಗಳಿಂದ ಅಲ್ಲೊಂದು ಇಲ್ಲೊಂದು ಮನೆ ಇಂದಿಗೂ ಕಾಣುತ್ತಿದ್ದರೆ, ಅದು ಐದು ಶಿಲಿಂಗಿಗೆ ಕೈಚಾಚಿದ ಆ ಮುದುಕರಿಂದ.

1911ರ ಗಣತಿಯ ಹಾಳೆಗೆ ಹೊಸ ಅಂಕಣಗಳು ಬಂದವು. ಮದುವೆಯಾಗಿ ಎಷ್ಟು ವರ್ಷ, ಹೆತ್ತ ಮಕ್ಕಳೆಷ್ಟು, ಈಗ ಇರುವವರೆಷ್ಟು. ಹನ್ನೊಂದು, ಏಳು ಎಂದು ಬರೆದ ಸಾಲಿನ ಮೇಲೆ, ಮನೆಯಲ್ಲಿರುವವರ ಪಟ್ಟಿಯಲ್ಲಿ ಒಬ್ಬನೇ ಮಗ ಇದ್ದರೆ, ಉಳಿದ ಆರು ಮಂದಿಯನ್ನು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಹುಡುಕಬೇಕು. ಜೊತೆಗಿನ ಇನ್ನೊಂದು ನಮೂನೆಯಲ್ಲಿ ಕಾನ್‌ಸ್ಟೇಬಲ್ ಮನೆಗೆ ಅಂಕ ಹಾಕಿದ್ದಾನೆ. ಕಲ್ಲಿನ ಗೋಡೆಗೆ ಒಂದು, ಮಣ್ಣಿನದಕ್ಕೆ ಸೊನ್ನೆ; ಹಂಚು ಕಡಪದ ಮಾಡಿಗೆ ಒಂದು, ಹುಲ್ಲಿಗೆ ಸೊನ್ನೆ; ಎದುರಿಗೆ ಎಷ್ಟು ಕಿಟಕಿಯೋ ಅಷ್ಟು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಇಷ್ಟ ಗ್ರಿಫಿತ್‌ನ ಅಚ್ಚಿನ ಸಂಪುಟಗಳ ಬೆನ್ನಿಗೆ ಬಂದ ಕೈಬರಹದ ತಿದ್ದುಪಡಿ ಪುಸ್ತಕಗಳು. ತೆರಿಗೆ ಕಚೇರಿಯವರು ಹೋಗಿ ಬಂದಾಗೆಲ್ಲ ಹಳೆಯ ಹೆಸರಿಗೆ ಗೀಟು ಹಾಕಿ, ಮೇಲೆ ಹೊಸದು ಬರೆದು, ಅಂಚಿನಲ್ಲಿ ವರ್ಷ ನಮೂದಿಸುತ್ತಿದ್ದರು. ಒಂದು ವರ್ಷ ಕೆಂಪು ಶಾಯಿ, ಮುಂದೊಂದು ವರ್ಷ ನೀಲಿ, ಆಮೇಲೆ ಹಸಿರು. ಅಪ್ಪನ ಹೆಸರಿಗೆ ಗೀಟು ಬಿದ್ದು ಮಗನ ಹೆಸರು ಬಂದರೆ ಅಪ್ಪ ಆ ಸುಮಾರಿಗೆ ತೀರಿಕೊಂಡನೆಂದು ತಿಳಿಯಬೇಕು. ಮನೆಯ ಬೆಲೆಗೆ ಗೀಟು ಬಿದ್ದು ಪಕ್ಕದಲ್ಲಿ 'ಬಿದ್ದಿದೆ' ಎಂದಿದ್ದರೆ ಹಡಗು ಹತ್ತಿದರೆಂದು. ಗೇಣಿಗೆ ಕೊಟ್ಟವನ ಅಂಕಣ ಮಾತ್ರ ದಶಕಗಟ್ಟಲೆ ಕದಲುವುದಿಲ್ಲ. ಒಡೆಯ ಸತ್ತರೆ ಅವನ ವಾರಸುದಾರ, ಅವನು ಸತ್ತರೆ ಮತ್ತೊಬ್ಬ.

ಆಮೇಲೆ 1903ರಲ್ಲಿ ವಿಂಡಮ್ ಕಾಯಿದೆ ಬಂತು. ಎಸ್ಟೇಟು ಮಾರುವ ಒಡೆಯನಿಗೆ ಸರ್ಕಾರ ಬೆಲೆಯ ಮೇಲೆ ನೂರಕ್ಕೆ 12ರಷ್ಟು ಬೋನಸ್ಸು ಕೊಡುವುದು, ರೈತ ತನ್ನ ಜಮೀನು ಕೊಳ್ಳಲು ಪಡೆದ ಸಾಲವನ್ನು ಅರವತ್ತೆಂಟೂವರೆ ವರ್ಷ ಕಂತಿನಲ್ಲಿ ತೀರಿಸುವುದು ಎಂಬ ಏರ್ಪಾಡು. ಆ ತಿದ್ದುಪಡಿ ಪುಸ್ತಕಗಳ ಪುಟ ಮಗುಚುತ್ತ ಹೋದರೆ 1903ರ ಈಚಿನ ಯಾವುದೋ ಒಂದು ವರ್ಷ ಗೇಣಿಗೆ ಕೊಟ್ಟವನ ಅಂಕಣದಲ್ಲೂ ಗೀಟು ಬೀಳುತ್ತದೆ. ಒಡೆಯನ ಹೆಸರು ಹೊಡೆದುಹಾಕಿ 'ಸ್ವಂತ' ಎಂಬರ್ಥದ ಎರಡು ಪದ ಬರೆದು, ಪಕ್ಕದಲ್ಲಿ ಭೂ ಕಾಯಿದೆಯಡಿ ಖರೀದಿ ಎಂದು ತಿಳಿಸುವ ಮೂರಕ್ಷರದ ಮೊಹರು ಒತ್ತಿದ್ದಾರೆ. ಗುಮಾಸ್ತನಿಗೆ ಕೆಲಸ ಹೆಚ್ಚಿತ್ತೆಂದು ಕಾಣುತ್ತದೆ. ಮೊಹರು ಕೆಲವು ಸಾಲುಗಳಲ್ಲಿ ಓರೆಯಾಗಿ ಬಿದ್ದಿದೆ, ಕೆಲವು ಕಡೆ ಶಾಯಿ ಸಾಲದೆ ಮಸುಕಾಗಿದೆ, ಒಂದೊಂದು ಕಡೆ ರೈತನ ಹೆಸರಿನ ಮೇಲೇ ಬಿದ್ದು ಓದುವುದೇ ಕಷ್ಟವಾಗಿದೆ.